ಪೆಗ್ ಹಾಕಿದರೆ ಚಳಿ ಹೋಗುವುದಿಲ್ಲ

ಜೂನ್ ಬಂತೆಂದರೆ ಕಾರವಾರದ ಕಡೆ ಎರಡು ಕೆಲಸ ಒಟ್ಟಿಗೇ ನಿಲ್ಲುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ, 61 ದಿನ, ಯಾಂತ್ರಿಕ ದೋಣಿಗಳು ಮೀನು ಹಿಡಿಯುವಂತಿಲ್ಲ. ಬೈತಖೋಲ ಬಂದರಿನಲ್ಲಿ ಬೋಟುಗಳನ್ನು ಸಾಲಾಗಿ ಕಟ್ಟಿಬಿಡುತ್ತಾರೆ. ಗಡಿಯಾಚೆ ಗೋವಾದ ಪಾಲೋಲೆಂ, ಅಗೊಂಡ ಬೀಚುಗಳಲ್ಲಿ ಮಳೆ ಬೀಳುವ ಮುಂಚೆಯೇ ಶ್ಯಾಕ್‌ಗಳ (ಸೀಸನ್ನಿಗೆಂದು ಮರಳಿನ ಮೇಲೆ ಕಟ್ಟುವ ಹೋಟೆಲು, ಬಾರ್‌ಗಳು) ಬಿದಿರು, ತಟ್ಟಿ, ತೆಂಗಿನ ಗರಿ ಎಲ್ಲ ಬಿಚ್ಚಿ ಕಟ್ಟಿ ಇಡುತ್ತಾರೆ. ಬೋಟಿಗೆ ಹೋಗುವವನೂ ಮನೆಯಲ್ಲಿ, ಬಾರ್‌ನಲ್ಲಿ ಕೆಲಸ ಮಾಡುವವನೂ ಮನೆಯಲ್ಲಿ. ಮುಂದಿನ ಸೀಸನ್ ಶುರುವಾಗುವವರೆಗೆ ಪಗಾರ ಇಲ್ಲ.

ನಾನು ಬಾರ್ ಕೆಲಸ ಕಲಿತದ್ದು ಹಾಗೆ ಬಿಚ್ಚಿ ಕಟ್ಟುವ ಶ್ಯಾಕ್ ಒಂದರಲ್ಲೇ. ನಮ್ಮ ಮಾಜಾಳಿ, ಸದಾಶಿವಗಡ, ಚಿತ್ತಾಕುಲದ ಎಷ್ಟೋ ಹುಡುಗರು ಗೋವಾದ ಕಾಣಕೋಣದ ಕಡೆ ಕೆಲಸಕ್ಕೆ ಹೋಗುತ್ತಾರೆ. ಮೊದಲು ಗ್ಲಾಸ್ ತೊಳೆಯುವುದು, ಆಮೇಲೆ ಸಪ್ಲೈ, ಆಮೇಲೆ ಕೌಂಟರ್ ಹಿಂದೆ. ಕೊಂಕಣಿ ಬರುತ್ತದೆ, ಹಿಂದಿ ಬರುತ್ತದೆ, ವಿದೇಶಿಯರ ಜೊತೆ ಮಾತಾಡಿ ಮಾತಾಡಿ ಇಂಗ್ಲಿಷೂ ಬರುತ್ತದೆ. ಶ್ಯಾಕ್ ಮುಚ್ಚಿದ ಮೇಲೆ ಅದೇ ಹುಡುಗರಲ್ಲಿ ಒಂದಷ್ಟು ಜನ ಹಿಮಾಚಲದ ಬಸ್ ಹತ್ತುತ್ತಾರೆ. ಬಯಲಿನಲ್ಲಿ ಬಿಸಿಲು ಸುಡುವಾಗ ದಿಲ್ಲಿ, ಪಂಜಾಬಿನವರೆಲ್ಲ ಮನಾಲಿಗೆ ಬರುತ್ತಾರೆ, ಅಲ್ಲಿ ಕೈಗಳು ಬೇಕು. ಅಕ್ಟೋಬರ್‌ನಲ್ಲಿ ವಾಪಸ್ ಗೋವಾ. ಇದೊಂದು ಸುತ್ತು. ಕೌಂಟರ್ ಹಿಂದೆ ನಿಂತವರಿಗೆಲ್ಲ ಗೊತ್ತಿರುವ ಸುತ್ತು.

ನಾನು ಒಂದು ವರ್ಷ ಆ ಸುತ್ತಿನಿಂದ ಹೊರಗೆ ಬಂದೆ. ಎಲ್ಲರೂ ಇಳಿದು ಬರುವ ಹೊತ್ತಿಗೆ ನಾನು ಅಲ್ಲೇ ಉಳಿದೆ, ಹಿಮದಲ್ಲಿ. ಆಮೇಲೆ ಚಳಿಗಾಲಕ್ಕೆಂದೇ ಹೋಗತೊಡಗಿದೆ. ಅದರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಯಾಕೆಂದರೆ ನಮ್ಮ ಕಡೆಯ ಹುಡುಗರು ಕೇಳುವುದು ಪಗಾರ ಎಷ್ಟು, ಊಟ ರೂಮು ಅವರೇ ಕೊಡುತ್ತಾರಾ, ಟಿಪ್ಸ್ ಎಷ್ಟು ಅಂತ ಮಾತ್ರ. ಅದೆಲ್ಲ ಕೇಳಬೇಕಾದ್ದೇ. ಆದರೆ ಹಿಮದೂರಿನಲ್ಲಿ ಬಾಟಲಿ ಹಿಡಿದು ನಿಲ್ಲುವುದು ಬೀಚಿನಲ್ಲಿ ನಿಂತ ಹಾಗಲ್ಲ. ಕೆಲಸದ ಭಾರವೇ ಬೇರೆ.

ಹೋಗುವ ದಾರಿ ಸುಲಭ. ಶಿರವಾಡದಲ್ಲಿರುವ ಕಾರವಾರ ಸ್ಟೇಷನ್ನಿನಲ್ಲಿ ಮಂಗಳಾ ಎಕ್ಸ್‌ಪ್ರೆಸ್ ಹತ್ತಿದರೆ ಸೀದಾ ದಿಲ್ಲಿಯ ನಿಜಾಮುದ್ದೀನ್. ಅಲ್ಲಿಂದ ಕಾಶ್ಮೀರಿ ಗೇಟ್ ಬಸ್ ಸ್ಟ್ಯಾಂಡ್, ಸಂಜೆ ಬಸ್ ಹತ್ತಿದರೆ ಚಂಡೀಗಢ, ಬಿಲಾಸ್‌ಪುರ, ಮಂಡಿ ದಾಟಿ ಬೆಳಿಗ್ಗೆ ಕುಲ್ಲು. ಕಿಟಕಿಯ ಪಕ್ಕ ಬಿಯಾಸ್ ನದಿ ಕಾಣಿಸಿಕೊಂಡಿತು ಅಂದರೆ ಇನ್ನು ಸ್ವಲ್ಪವೇ ದೂರ. ಮನಾಲಿ ಇರುವುದು ಸಮುದ್ರ ಮಟ್ಟದಿಂದ ಸುಮಾರು 2,050 ಮೀಟರ್ ಎತ್ತರದಲ್ಲಿ. ನಾವೋ ಸಮುದ್ರದ ದಡದಲ್ಲೇ ಹುಟ್ಟಿದವರು. ಬ್ಯಾಗಿನಿಂದ ಕೊಬ್ಬರಿ ಎಣ್ಣೆ ಬಾಟಲಿ ತೆಗೆದರೆ ಕಲ್ಲಾಗಿರುತ್ತದೆ. ಅದು ಸುಮಾರು 24 ಡಿಗ್ರಿಗಿಂತ ಕೆಳಗೆ ಹೋದರೆ ಗಟ್ಟಿಯಾಗುತ್ತದೆ, ಅಕ್ಟೋಬರ್‌ನಲ್ಲೇ ಅಲ್ಲಿ ಎಣ್ಣೆ ಸುರಿಯುವ ಮಾತಿಲ್ಲ, ಕೆರೆದು ತೆಗೆಯಬೇಕು.

ಕೆಲಸ ಹುಡುಕಲು ನಾನು ಯಾವ ಅರ್ಜಿಯನ್ನೂ ಹಾಕಲಿಲ್ಲ. ಹಳೆ ಮನಾಲಿಯಲ್ಲಿ ಮನಾಲ್ಸು ಹಳ್ಳದ ಸೇತುವೆ ದಾಟಿ ಮೇಲೆ ಹತ್ತಿದರೆ ಎರಡೂ ಕಡೆ ಕೆಫೆ, ಬಾರ್, ಹೋಂಸ್ಟೇ. ಒಂದೊಂದೇ ಬಾಗಿಲು ತಟ್ಟಿದೆ. ಬೇಸಿಗೆಯಲ್ಲಿ ಮಾಡಿದ ಕೆಲಸ ನೋಡಿದ್ದವರು ಒಬ್ಬರು ಕರೆದು ಮಾತಾಡಿಸಿದರು, ಅಲ್ಲಿಯ ಊರಿನವರೇ, ಸೇಬಿನ ತೋಟವೂ ಇತ್ತು ಅವರದು. ಸರ್ಟಿಫಿಕೇಟ್ ಕೇಳಲಿಲ್ಲ. ಒಂದು ಸಂಜೆ ಕೌಂಟರ್ ಹಿಂದೆ ನಿಲ್ಲು ಅಂದರು. ಬಾಟಲಿ ಹೇಗೆ ಹಿಡಿಯುತ್ತೇನೆ, 30 ಎಂಎಲ್ ಅಂದರೆ 30 ಎಂಎಲ್ಲೇ ಬೀಳುತ್ತದಾ, ಬಿಲ್ಲಿನ ಲೆಕ್ಕ ಗಲ್ಲಾಪೆಟ್ಟಿಗೆಯ ದುಡ್ಡಿಗೆ ಕೂಡುತ್ತದಾ ಅಂತ ಮೂಲೆಯಲ್ಲಿ ಕೂತು ನೋಡಿದರು. ಕೊನೆಗೆ ಕೇಳಿದ್ದು ಒಂದೇ ಪ್ರಶ್ನೆ. "ಮೊದಲ ಹಿಮ ಬಿದ್ದ ಮೇಲೆ ಓಡಿಹೋಗುವುದಿಲ್ಲ ತಾನೇ?" ಫೆಬ್ರವರಿ ಮುಗಿಯುವವರೆಗೆ ಇರುತ್ತೇನೆ ಅಂದೆ. ಚಳಿಗಾಲಕ್ಕೆ ಉಳಿಯುವ ಹೊರಗಿನವರು ಕಡಿಮೆ, ಹಾಗಾಗಿ ಉಳಿಯುತ್ತೇನೆ ಅಂದವನಿಗೆ ಅಲ್ಲಿ ಬೆಲೆ ಇದೆ. ಮಾರನೇ ದಿನವೇ ಆಧಾರ್ ಕಾರ್ಡು, ಫೋಟೊ ಹಿಡಿದುಕೊಂಡು ಪೊಲೀಸ್ ವೆರಿಫಿಕೇಶನ್‌ಗೆ ಹೋದೆವು. ಇದನ್ನು ಮಾಡಿಸದ ಮಾಲೀಕರ ಹತ್ತಿರ ಕೆಲಸಕ್ಕೆ ನಿಲ್ಲಬೇಡಿ. ನಾಳೆ ಏನಾದರೂ ಆದರೆ ನೀವು ಅಲ್ಲಿದ್ದೀರಿ ಅನ್ನುವುದಕ್ಕೇ ದಾಖಲೆ ಇರುವುದಿಲ್ಲ.

ಡಿಸೆಂಬರ್ ಬಂದ ಮೇಲೆ ಬಾರ್ ಕೆಲಸ ಪೂರ್ತಿ ತಿರುಗಿಬಿಡುತ್ತದೆ. ಪಾಲೋಲೆಂನಲ್ಲಿ ನಮ್ಮ ದೊಡ್ಡ ಚಿಂತೆ ಐಸ್. ಸಂಜೆಯೊಳಗೆ ಐಸ್ ಮುಗಿದರೆ ಅವತ್ತಿನ ವ್ಯಾಪಾರವೇ ಮುಗಿಯಿತು. ಹಿಮದಲ್ಲಿ ಚಿಂತೆ ಬಿಸಿನೀರಿನದು. ರಾತ್ರಿ ನಲ್ಲಿಯನ್ನು ಪೂರ್ತಿ ಮುಚ್ಚುವುದಿಲ್ಲ, ಸಣ್ಣಗೆ ತೊಟ್ಟಿಕ್ಕಲು ಬಿಡುತ್ತೇವೆ, ಹರಿಯುವ ನೀರು ಅಷ್ಟು ಬೇಗ ಹೆಪ್ಪುಗಟ್ಟುವುದಿಲ್ಲ ಅಂತ. ನೀರು ಮಂಜುಗಡ್ಡೆ ಆಗುವಾಗ ಸುಮಾರು 9 ಪರ್ಸೆಂಟ್ ಹಿಗ್ಗುತ್ತದೆ, ಪೈಪು ಒಡೆಯುವುದು ಅದಕ್ಕೇ. ಸೋಡಾ ಬಾಟಲಿ ಹೊರಗೆ ಮರೆತರೆ ಬೆಳಿಗ್ಗೆ ಒಡೆದಿರುತ್ತದೆ. ಬಿಯರ್‌ನಲ್ಲಿ ಮದ್ಯದ ಅಂಶ ಕಡಿಮೆ, ಸೊನ್ನೆಗಿಂತ ಎರಡು ಮೂರು ಡಿಗ್ರಿ ಕೆಳಗಿಳಿದರೆ ಅದೂ ಕಟ್ಟಿಕೊಳ್ಳುತ್ತದೆ. ಹಾಗಾಗಿ ಅಲ್ಲಿ ಬಿಯರನ್ನು ಫ್ರಿಜ್ಜಿನಲ್ಲಿ ಇಡುವುದು ತಣ್ಣಗಾಗಲಿ ಅಂತ ಅಲ್ಲ, ಹೊರಗಿನ ಚಳಿಯಿಂದ ಉಳಿಯಲಿ ಅಂತ! ರಮ್ಮು, ವಿಸ್ಕಿಗೆ ಆ ಭಯ ಇಲ್ಲ. 40 ಪರ್ಸೆಂಟ್ ಮದ್ಯ ಹೆಪ್ಪುಗಟ್ಟಬೇಕಾದರೆ ಮೈನಸ್ 27ರ ಹತ್ತಿರ ಹೋಗಬೇಕು.

ಜೇನುತುಪ್ಪ ಹರಳಾಗುತ್ತದೆ, ಅದರ ಬಾಟಲಿಯನ್ನು ಬಿಸಿನೀರಿನ ಪಾತ್ರೆಯಲ್ಲಿ ಇಟ್ಟುಕೊಂಡೇ ಇರಬೇಕು. ಲಿಂಬೆಹಣ್ಣು ಕಲ್ಲಿನಷ್ಟು ಗಟ್ಟಿ, ಸ್ವಲ್ಪ ಬೆಚ್ಚಗೆ ಮಾಡಿ ಅಂಗೈಯಲ್ಲಿ ಉರುಳಿಸದಿದ್ದರೆ ರಸ ಬಿಡುವುದಿಲ್ಲ. ಚಳಿಯಲ್ಲಿ ಇದ್ದ ಗಾಜಿನ ಗ್ಲಾಸಿಗೆ ಕುದಿನೀರು ಸುರಿದರೆ ಚಟ್ ಅಂತ ಬಿರುಕು. ಮೊದಲು ಉಗುರುಬೆಚ್ಚಗಿನ ನೀರಿನಲ್ಲಿ ಗ್ಲಾಸ್ ತೊಳೆದು ಆಮೇಲೆ ಬಿಸಿ. ವೈನಿಗೆ ದಾಲ್ಚಿನ್ನಿ, ಲವಂಗ, ಕಿತ್ತಳೆ ಸಿಪ್ಪೆ ಹಾಕಿ ಬಿಸಿ ಮಾಡುತ್ತೇವೆ, ಆದರೆ ಕುದಿಸುವುದಿಲ್ಲ. ಮದ್ಯ 78 ಡಿಗ್ರಿಗೇ ಕುದಿಯುತ್ತದೆ, ಕುದಿಸಿದರೆ ಆವಿಯಾಗಿ ಹೋಗುವುದಲ್ಲದೆ ವೈನೂ ಕಹಿಯಾಗುತ್ತದೆ. ಪಾತ್ರೆಯ ಅಂಚಿನಲ್ಲಿ ಸಣ್ಣ ಗುಳ್ಳೆ ಕಂಡ ಕೂಡಲೇ ಉರಿ ತಗ್ಗಿಸಬೇಕು. ಈ ಸಣ್ಣ ಸಣ್ಣ ವಿಷಯಗಳು ನನಗೆ ಬಹಳ ಇಷ್ಟ. ಬಾರ್ ಕೆಲಸ ಅಂದರೆ ಸುಮ್ನೆ ಬಾಟಲಿ ಬಗ್ಗಿಸುವುದು ಅಂತ ತಿಳಿದವರಿಗೆ ಒಂದು ಸಂಜೆ ಈ ಕೌಂಟರ್ ತೋರಿಸಬೇಕು ಅನ್ನಿಸುತ್ತದೆ.

ಇನ್ನು ಮುಖ್ಯ ಮಾತು. ಬಾಗಿಲು ತಳ್ಳಿಕೊಂಡು ಒಳಗೆ ಬರುವ ಪ್ರವಾಸಿಗರಲ್ಲಿ ಹತ್ತರಲ್ಲಿ ಎಂಟು ಜನ ಹೇಳುವುದು ಒಂದೇ. "ಭಾಯಿ, ತುಂಬಾ ಚಳಿ, ಏನಾದರೂ ಸ್ಟ್ರಾಂಗ್ ಕೊಡು." ಮದ್ಯ ಮೈಯನ್ನು ಬೆಚ್ಚಗಿಡುತ್ತದೆ ಅನ್ನುವ ನಂಬಿಕೆ ನಮ್ಮಲ್ಲೂ ಇದೆ ಅಲ್ವಾ? ರಾತ್ರಿ ಬೋಟಿಗೆ ಹೋಗಿ ಒದ್ದೆಯಾಗಿ ಬಂದವರು ಕಾಳುಮೆಣಸಿನ ಪುಡಿ ಹಾಕಿ ಒಂದು ಗುಟುಕು ಹಾಕುವುದನ್ನು ನಾನು ಚಿಕ್ಕವನಿದ್ದಾಗಿನಿಂದ ನೋಡಿದ್ದೇನೆ. ಕುಡಿದ ಕೂಡಲೇ ಮುಖ, ಕಿವಿ, ಎದೆ ಬಿಸಿ ಅನ್ನಿಸುವುದು ನಿಜ. ಆದರೆ ಆ ಬಿಸಿ ಎಲ್ಲಿಂದ ಬಂತು ಅನ್ನುವುದನ್ನು ನೋಡಬೇಕು.

ಚಳಿಯಾದಾಗ ನಮ್ಮ ಮೈ ಚರ್ಮದ ಹತ್ತಿರ ಇರುವ ರಕ್ತನಾಳಗಳನ್ನು ಬಿಗಿ ಮಾಡಿಕೊಳ್ಳುತ್ತದೆ. ಬಿಸಿ ರಕ್ತ ಒಳಗೇ, ಹೃದಯ, ಶ್ವಾಸಕೋಶ, ಮಿದುಳಿನ ಕಡೆಗೇ ಇರಲಿ ಅಂತ. ಕೈಕಾಲು ತಣ್ಣಗಾಗುವುದು ಅದಕ್ಕೇ. ಮದ್ಯ ಹೋದರೆ ಆ ನಾಳಗಳು ಸಡಿಲವಾಗುತ್ತವೆ. ಒಳಗಿನ ಬಿಸಿ ರಕ್ತ ಚರ್ಮಕ್ಕೆ ಬರುತ್ತದೆ, ಮೈ ಬೆಚ್ಚಗಾಯಿತು ಅನ್ನಿಸುತ್ತದೆ, ಅಲ್ಲಿಂದ ಆ ಬಿಸಿ ಹೊರಗೆ ಹೋಗಿಬಿಡುತ್ತದೆ. ಒಲೆ ಹೊತ್ತಿಸಿಟ್ಟು ಮನೆಯ ಕಿಟಕಿ ಬಾಗಿಲು ಎಲ್ಲ ತೆರೆದ ಹಾಗೆ. ಜೊತೆಗೆ ನಡುಕವೂ ಕಡಿಮೆಯಾಗುತ್ತದೆ. ನಡುಕ ಅನ್ನುವುದು ಮೈ ತಾನೇ ಬಿಸಿ ಹುಟ್ಟಿಸಿಕೊಳ್ಳುವ ದಾರಿ, ಅದೂ ಹೋಯಿತು. ಮೈಯೊಳಗಿನ ಶಾಖ 37 ಡಿಗ್ರಿಯ ಆಸುಪಾಸು ಇರಬೇಕು. 35ಕ್ಕಿಂತ ಕೆಳಗೆ ಇಳಿಯಿತು ಅಂದರೆ ಆಸ್ಪತ್ರೆಯ ಮಾತು.

ಇದರಲ್ಲಿ ಎಲ್ಲಕ್ಕಿಂತ ಕೆಟ್ಟದ್ದು ಯಾವುದು ಗೊತ್ತಾ? ಮೈಯೊಳಗೆ ಚಳಿ ಹೊಕ್ಕವನೂ ತೊದಲುತ್ತಾನೆ, ಎಡವುತ್ತಾನೆ, ಏನೋ ಒಂದು ಮಾತಾಡುತ್ತಾನೆ, ನಿದ್ದೆ ಅನ್ನುತ್ತಾನೆ. ಕುಡಿದವನೂ ಅದೇ ಮಾಡುತ್ತಾನೆ. ಜೊತೆಗಿದ್ದವರು "ಜಾಸ್ತಿ ಆಯ್ತು ಇವನಿಗೆ, ಮಲಗಿದರೆ ಸರಿಹೋಗುತ್ತದೆ" ಅಂತ ಬಿಟ್ಟುಬಿಡುತ್ತಾರೆ. ಪಾಲೋಲೆಂನಲ್ಲಿ ಕುಡಿದು ಮರಳಿನ ಮೇಲೆ ಮಲಗಿದವನು ಬೆಳಿಗ್ಗೆ ಎದ್ದು ಮರಳು ಕೊಡವಿಕೊಂಡು ಚಹಾಕ್ಕೆ ಬರುತ್ತಾನೆ. ಹಿಮದಲ್ಲಿ ಮಲಗಿದವನು ಏಳದೇ ಹೋಗಬಹುದು. ಕೌಂಟರ್ ಹಿಂದೆ ನಿಂತವನ ಕೆಲಸ ಗಿರಾಕಿ ಬಿಲ್ಲು ಕೊಟ್ಟಾಗ ಮುಗಿಯುವುದಿಲ್ಲ, ಅವನು ಯಾವುದಾದರೂ ಬಾಗಿಲೊಳಗೆ ಹೋಗಿ ಸೇರಿದಾಗ ಮುಗಿಯುತ್ತದೆ. ನಾನು ಇದನ್ನು ಅಲ್ಲಿಯೇ ಕಲಿತದ್ದು.

ಒಂದು ರಾತ್ರಿಯದು ಹೇಳುತ್ತೇನೆ. ಜನವರಿ. ಹಿಂದಿನ ದಿನದಿಂದ ಹಿಮ ಬೀಳುತ್ತಲೇ ಇತ್ತು, ಕರೆಂಟಿಲ್ಲ, ಇನ್ವರ್ಟರ್ ಮೇಲೆ ಒಂದೆರಡು ದೀಪ. ನಡುವೆ ತಂದೂರ್ ಉರಿಯುತ್ತಿತ್ತು. ಅಲ್ಲಿ ಮನೆ ಮನೆಯಲ್ಲೂ ಇರುವ ಕಬ್ಬಿಣದ ಸೌದೆ ಒಲೆ ಅದು, ಹೊಗೆ ಹೋಗಲು ಚಾವಣಿಯವರೆಗೆ ಕೊಳವೆ ಇರುತ್ತದೆ. ಬಯಲಿನ ಕಡೆಯ ಹುಡುಗರ ಗುಂಪೊಂದು ಬಂದು ಕುಡಿದು ಉಂಡು ಹೋಯಿತು. ಒಬ್ಬ ಮಾತ್ರ ಉಳಿದುಕೊಂಡ. ಬಿಸಿನೀರಿನಲ್ಲಿ ರಮ್ಮು, ಇನ್ನೊಂದು, ಇನ್ನೊಂದು. ನಾಲ್ಕನೆಯದು ಕೇಳಿದಾಗ ನಾನು ಕೌಂಟರ್ ಬಿಟ್ಟು ಅವನ ಟೇಬಲ್ಲಿಗೆ ಹೋದೆ. ಜೀನ್ಸ್ ಮೊಣಕಾಲವರೆಗೆ ಒದ್ದೆ. ಕಾಲಿಗೆ ಬಟ್ಟೆಯ ಶೂ, ನೆನೆದು ಕಪ್ಪಾಗಿದ್ದವು. ಬಂದಾಗ ಹಲ್ಲು ಕಟಕಟ ಅನ್ನುತ್ತಿದ್ದವ ಈಗ ನಡುಗುತ್ತಿರಲಿಲ್ಲ. ಜಾಕೆಟ್ಟಿನ ಜಿಪ್ ಪೂರ್ತಿ ತೆಗೆದಿದ್ದ, ಸೆಕೆ ಅಂದ. ಅವನು ಕೂತದ್ದು ಒಲೆಯಿಂದ ದೂರದ ಕಿಟಕಿಯ ಹತ್ತಿರ, ಗಾಜಿನ ಒಳಗಡೆಯೇ ಮಂಜು ಕಟ್ಟಿತ್ತು.

ಇನ್ನು ಮದ್ಯ ಕೊಡುವುದಿಲ್ಲ ಅಂದೆ. ಅವನಿಗೆ ಸಿಟ್ಟು ಬಂತು, ದುಡ್ಡು ಟೇಬಲ್ ಮೇಲೆ ಹಾಕಿದ. ನಾನು ವಾದ ಮಾಡಲಿಲ್ಲ. "ಮೊದಲು ಶೂ ಬಿಚ್ಚು, ಆಮೇಲೆ ಮಾತಾಡೋಣ" ಅಂದೆ. ನಮ್ಮ ಅಡುಗೆಯ ಹುಡುಗ, ಕುಲ್ಲು ಕಡೆಯವನು, ಒಂದು ಮಾತೂ ಹೇಳಿಸಿಕೊಳ್ಳದೆ ಒಣ ಸಾಕ್ಸ್, ಕಂಬಳಿ ತಂದ. ಒಲೆಯ ಹತ್ತಿರ ಕೂರಿಸಿದೆವು, ಆದರೆ ಪಾದವನ್ನು ಒಲೆಗೆ ತಾಗುವಷ್ಟು ಹತ್ತಿರ ಇಡಲು ಬಿಡಲಿಲ್ಲ, ಮರಗಟ್ಟಿದ ಕಾಲಿಗೆ ಸುಡುವುದೂ ಗೊತ್ತಾಗುವುದಿಲ್ಲ. ಉಜ್ಜಲೂ ಬಾರದು. ಒದ್ದೆ ಬಟ್ಟೆ ತೆಗೆದು ಒಣ ಬಟ್ಟೆ ಸುತ್ತಿ, ನಿಧಾನಕ್ಕೆ ಬಿಸಿಯಾಗಲು ಬಿಡಬೇಕು, ಸಿಹಿಯಾದ ಬಿಸಿ ಏನಾದರೂ ಕುಡಿಸಬೇಕು, ಹೊಟ್ಟೆಗೆ ಕೊಡಬೇಕು. ತುಪ್ಪ ಹಾಕಿದ ಸಿಡ್ಡು ಇತ್ತು, ಒಳಗೆ ಅಕ್ರೋಟಿನ ಹೂರಣ ಇಟ್ಟು ಹಬೆಯಲ್ಲಿ ಬೇಯಿಸುವುದು. ಅದನ್ನು ತಿಂದ. ಸ್ವಲ್ಪ ಹೊತ್ತಿಗೆ ಮತ್ತೆ ನಡುಗತೊಡಗಿದ. ಆ ನಡುಕ ನೋಡಿ ನನಗೆ ಎಷ್ಟು ಸಮಾಧಾನವಾಯಿತು ಅಂತ ಹೇಳಲಾರೆ.

ಅವನ ಹೋಂಸ್ಟೇ ಇದ್ದದ್ದು ಮೇಲೆ, ಮನು ದೇವಸ್ಥಾನದ ದಾರಿಯಲ್ಲಿ. ಫೋನ್ ಮಾಡಿ ತಿಳಿಸಿ, ನಾವಿಬ್ಬರೂ ಅವನ ಎರಡು ಕಡೆ ಹಿಡಿದುಕೊಂಡು ಹತ್ತಿಸಿದೆವು. ಆ ಮನೆಯ ಯಜಮಾನಿ ಬಾಗಿಲಲ್ಲೇ ನಿಂತಿದ್ದರು. ಕೇಳಿದ ಮೊದಲ ಪ್ರಶ್ನೆ, ಎಷ್ಟು ಕುಡಿದಿದ್ದಾನೆ? ಮೂರು ಲಾರ್ಜ್, ಅಂದರೆ 180 ಎಂಎಲ್, ಇಷ್ಟು ಗಂಟೆಯಿಂದ ಇಷ್ಟು ಗಂಟೆಯೊಳಗೆ, ಕೊನೆಯದು ಇಂಥ ಹೊತ್ತಿಗೆ ಅಂತ ಹೇಳಿದೆ. ಅವರು ತಲೆಯಾಡಿಸಿ, ರಾತ್ರಿ ನಡುವೆ ಎಬ್ಬಿಸಿ ನೋಡುತ್ತೇನೆ ಅಂದರು. ಪೆಗ್ಗಿನ ಲೆಕ್ಕ ಬಿಲ್ಲಿಗೆ ಮಾತ್ರ ಅಂತ ಇದ್ದವ ನಾನು. ಅದು ಬೇಕಾಗುವುದು ಯಜಮಾನಿಗೆ, ಡಾಕ್ಟರಿಗೆ. ಯಾರು ಯಾವಾಗ ಎಷ್ಟು ಕುಡಿದರು ಅಂತ ಇಡೀ ಕೋಣೆಯಲ್ಲಿ ಸರಿಯಾಗಿ ಗೊತ್ತಿರುವುದು ಬಾರ್‌ಟೆಂಡರ್ ಒಬ್ಬನಿಗೇ. ಅಂದಿನಿಂದ ನನ್ನ ಚೀಟಿಯಲ್ಲಿ ಪೆಗ್ಗಿನ ಪಕ್ಕ ಹೊತ್ತನ್ನೂ ಬರೆಯುತ್ತೇನೆ.

ಇದೆಲ್ಲ ಆಗುವುದು ಮಾಲೀಕರು ಬಿಟ್ಟರೆ ಮಾತ್ರ. ನಮ್ಮವರು ಬಿಟ್ಟರು. ನಾಲ್ಕನೆಯದನ್ನು ಕೊಡದೆ ಇದ್ದದ್ದಕ್ಕೆ ಮಾರನೇ ದಿನ ಒಂದು ಮಾತೂ ಇಲ್ಲ. ಗಾಡಿ ಓಡಿಸಿಕೊಂಡು ಬಂದವರ ಬೀಗದ ಕೈಯನ್ನು ಕೌಂಟರಿನಲ್ಲಿ ಇಟ್ಟುಕೊಳ್ಳುವ ಪದ್ಧತಿಯೂ ಅವರದೇ. ದೇಶದಲ್ಲಿ ಎಲ್ಲಿಯಾದರೂ 100 ಎಂಎಲ್ ರಕ್ತದಲ್ಲಿ 30 ಮಿಲಿಗ್ರಾಂಗಿಂತ ಜಾಸ್ತಿ ಮದ್ಯ ಇದ್ದು ಗಾಡಿ ಓಡಿಸಿದರೆ ಅಪರಾಧ, 2019ರ ತಿದ್ದುಪಡಿ ಆದ ಮೇಲೆ ಮೊದಲ ಸಲಕ್ಕೇ 10,000 ರೂಪಾಯಿ ದಂಡ, ಇಲ್ಲವೇ 6 ತಿಂಗಳವರೆಗೆ ಜೈಲು, ಅಥವಾ ಎರಡೂ. ಆದರೆ ಅಲ್ಲಿ ದಂಡಕ್ಕಿಂತ ರಸ್ತೆಯ ಭಯವೇ ದೊಡ್ಡದು. 2020ರ ಅಕ್ಟೋಬರ್‌ನಲ್ಲಿ ರೋಹ್ತಾಂಗ್ ಕೆಳಗಿನ ಅಟಲ್ ಸುರಂಗ ತೆರೆದ ಮೇಲೆ ಚಳಿಗಾಲದಲ್ಲೂ ಲಾಹೌಲ್ ಕಡೆ ಹಿಮ ನೋಡಿ ಸಂಜೆ ವಾಪಸ್ ಬರುವವರು ಹೆಚ್ಚಾಗಿದ್ದಾರೆ. ಬಿಸಿಲು ತಾಗದ ತಿರುವಿನಲ್ಲಿ ಟಾರಿನ ಮೇಲೆ ಗಾಜಿನಂಥ ತೆಳು ಪದರ ಕಟ್ಟಿರುತ್ತದೆ, ಹೆಡ್‌ಲೈಟಿಗೆ ಅದು ಕಾಣುವುದೇ ಇಲ್ಲ. ಕುಡಿಯದವನಿಗೇ ಅಲ್ಲಿ ಬ್ರೇಕ್ ಹಿಡಿಯುವುದಿಲ್ಲ.

ಎಲ್ಲ ಕಡೆ ಹೀಗಿಲ್ಲ. ಮುಚ್ಚುವ ಹೊತ್ತಿಗೆ ಇನ್ನೊಂದು ರೌಂಡ್ ತಳ್ಳು, ಟಾರ್ಗೆಟ್ ಆಗಿಲ್ಲ ಅನ್ನುವವರನ್ನು ನಾನು ಗೋವಾದಲ್ಲೂ ಕಂಡಿದ್ದೇನೆ, ಅಲ್ಲೂ ಕಂಡಿದ್ದೇನೆ. ನನಗೆ ಅದು ತಪ್ಪು ಅನ್ನಿಸುತ್ತದೆ, ಸ್ಪಷ್ಟವಾಗಿ ಹೇಳುತ್ತೇನೆ. ವ್ಯಾಪಾರ ಬೇಕು, ನನ್ನ ಪಗಾರ ಅದರಿಂದಲೇ. ಆದರೆ ಬಿಸಿಯಾದದ್ದು ಏನಾದರೂ ಕೊಟ್ಟು ದುಡ್ಡು ತೆಗೆದುಕೊಳ್ಳಲು ಅದರಲ್ಲಿ ಮದ್ಯವೇ ಇರಬೇಕು ಅಂತ ಇಲ್ಲವಲ್ಲ.

ಅದಕ್ಕೇ ಎರಡನೇ ಸಲ ಹೋಗುವಾಗ ಕಾರವಾರದ ಸಂತೆಯಲ್ಲಿ ಒಣ ಮುರುಗಲು (ಕೋಕಂ) ಸಿಪ್ಪೆ ಕೊಂಡು ಹೋದೆ. ರಾತ್ರಿ ನೆನೆಸಿ, ಬೆಳಿಗ್ಗೆ ಹಿಂಡಿ, ಬೆಲ್ಲ ಹಾಕಿ ಕಾಯಿಸಿ ಇಟ್ಟುಕೊಳ್ಳುವುದು. ಆರ್ಡರ್ ಬಂದಾಗ ಅದಕ್ಕೆ ಬಿಸಿನೀರು, ಜಜ್ಜಿದ ಶುಂಠಿ, ಶಿರಸಿಯ ಕಾಳುಮೆಣಸು, ಚಿಟಿಕೆ ಉಪ್ಪು. ಬಣ್ಣ ನೋಡಿದರೆ ಬಿಸಿ ವೈನೇ. ಹುಳಿ, ಸಿಹಿ, ಖಾರ ಮೂರೂ ಒಟ್ಟಿಗೆ ಗಂಟಲಿಗೆ ಇಳಿಯುತ್ತದೆ. ಮೊದಲು ಡ್ರೈವರುಗಳು ಕುಡಿಯತೊಡಗಿದರು, ಆಮೇಲೆ ಮಕ್ಕಳನ್ನು ಕರೆದುಕೊಂಡು ಬಂದವರು, ಆಮೇಲೆ ಎರಡು ಪೆಗ್ ಆದ ಮೇಲೆ ಮೂರನೆಯದು ಬೇಕೋ ಬೇಡವೋ ಅಂತ ಕೂತವರು. ಅವರ ಮುಂದೆ ಕೇಳದೆಯೇ ಒಂದು ಸಣ್ಣ ಗ್ಲಾಸ್ ಇಡುತ್ತೇನೆ. ಎಷ್ಟೋ ಜನ ಮೂರನೆಯ ಪೆಗ್ ಬಿಟ್ಟು ಇದನ್ನೇ ಇನ್ನೊಂದು ತರಿಸಿದ್ದಾರೆ. ಮಾಲೀಕರು ಅದನ್ನು ಮೆನುವಿನಲ್ಲಿ ಬರೆಸಿದ್ದಾರೆ.

ಮನೆಯಲ್ಲಿ ಅಪ್ಪನಿಗೆ ಬಾರ್ ಕೆಲಸ ಅಂದರೆ ಈಗಲೂ ಪೂರ್ತಿ ಒಪ್ಪಿಗೆ ಇಲ್ಲ. ಊರಲ್ಲಿ ಕೇಳಿದವರಿಗೆ ಹೋಟೆಲ್ ಕೆಲಸ ಅನ್ನುತ್ತಾರೆ. ಆಯಿ ಹಾಗಲ್ಲ. ಆ ರಾತ್ರಿಯ ಕತೆ ಫೋನಿನಲ್ಲಿ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, "ತಮಾ, ಆ ಹುಡುಗನ ಆಯಿಗೆ ಯಾರಾದರೂ ಹೇಳಿದ್ರಾ?" ಅಂದಳು. ಮುರುಗಲು ಸಿಪ್ಪೆಯನ್ನು ಈಗ ಅವಳೇ ಮೇ ತಿಂಗಳಲ್ಲಿ ಒಣಗಿಸಿ ಡಬ್ಬಿ ತುಂಬಿಡುತ್ತಾಳೆ.

ಹೋಗುವವರಿಗೆ ಒಂದು ವಿಷಯ ಮಾತ್ರ ಕೈಮುಗಿದು ಹೇಳಬೇಕು, ಏಕೆಂದರೆ ನಮ್ಮ ಕರಾವಳಿಯವರಿಗೆ ಇದು ಗೊತ್ತೇ ಇರುವುದಿಲ್ಲ. ಸ್ಟಾಫ್ ರೂಮಿನಲ್ಲಿ ಕೆಂಡದ ಅಗ್ಗಿಷ್ಟಿಕೆ ಇಟ್ಟುಕೊಂಡು ಬಾಗಿಲು ಮುಚ್ಚಿ ಮಲಗಬೇಡಿ. ಮುಚ್ಚಿದ ಕೋಣೆಯಲ್ಲಿ ಕೆಂಡ ಕಾರ್ಬನ್ ಮೊನಾಕ್ಸೈಡ್ ಬಿಡುತ್ತದೆ, ವಾಸನೆ ಇಲ್ಲ, ಬಣ್ಣ ಇಲ್ಲ, ತಲೆನೋವು ಬರುತ್ತದೆ, ನಿದ್ದೆ ಬರುತ್ತದೆ, ಅಷ್ಟೇ. ಉತ್ತರದ ಕಡೆ ಪ್ರತಿ ಚಳಿಗಾಲ ಹೀಗೆ ಜನ ಸಾಯುತ್ತಾರೆ. ಹೊಗೆಕೊಳವೆ ಇರುವ ಒಲೆಯಾದರೂ ಮಲಗುವ ಮುಂಚೆ ಆರಿಸಿ, ಕಿಟಕಿಯನ್ನು ಒಂದು ಬೆರಳಿನಷ್ಟು ತೆರೆದಿಡಿ. ಬಿಸಿನೀರಿನ ರಬ್ಬರ್ ಚೀಲ ತೆಗೆದುಕೊಂಡು ಕಂಬಳಿಯೊಳಗೆ ಹಾಕಿಕೊಳ್ಳಿ, ಅದು ಸಾಕಾಗುತ್ತದೆ. ಉಣ್ಣೆಯ ಸಾಕ್ಸ್ ಅಲ್ಲೇ ಕುಲ್ಲುವಿನಲ್ಲಿ ಕೊಳ್ಳಿ, ನಮ್ಮ ಕಡೆ ಸಿಗುವುದು ಆ ಚಳಿಗೆ ಸಾಲದು. ತಣ್ಣೀರಲ್ಲಿ ಗ್ಲಾಸ್ ತೊಳೆದು ಬೆರಳು ಕೆಂಪಾಗಿ ಊದಿ ತುರಿಸುತ್ತದೆ, ರಬ್ಬರ್ ಗ್ಲೌಸ್ ಕೇಳಿ ತೆಗೆದುಕೊಳ್ಳಿ, ನಾಚಿಕೆ ಬೇಡ.

ಮಾಲೀಕರ ಹತ್ತಿರ ಪಗಾರ ಮಾತಾಡಿ ಆದ ಮೇಲೆ ಇನ್ನೊಂದು ಕೇಳಿ. ಕುಡಿದು ನಡೆಯಲಾಗದವರು ಇದ್ದರೆ ರೂಮಿಗೆ ಮುಟ್ಟಿಸುವುದು ಯಾರು, ಇನ್ನು ಕೊಡುವುದಿಲ್ಲ ಅಂತ ನಾನು ಹೇಳಿದರೆ ನೀವು ನನ್ನ ಹಿಂದೆ ನಿಲ್ಲುತ್ತೀರಾ? ಉತ್ತರ ತಡವರಿಸಿದರೆ ಮುಂದಿನ ಬಾಗಿಲು ತಟ್ಟಿ, ಆ ಬೀದಿಯಲ್ಲಿ ಬಾಗಿಲು ಬೇಕಾದಷ್ಟಿವೆ. ನಾನು ಈ ಸಲ ಡಿಸೆಂಬರ್ ಮೊದಲ ವಾರ ಹೊರಡುತ್ತೇನೆ. ನಮ್ಮಲ್ಲೇ ಒಬ್ಬ ಹೆಲ್ಪರ್ ಬೇಕಾಗಿದ್ದಾನೆ, ಅನುಭವ ಇಲ್ಲದಿದ್ದರೂ ನಡೆಯುತ್ತದೆ, ಕಲಿಸುತ್ತೇನೆ. ಬರುವವರು ಬೇಗ ತಿಳಿಸಿ, ರೈಲಿನ ಬುಕಿಂಗ್ 60 ದಿನ ಮುಂಚೆ ತೆರೆಯುತ್ತದೆ, ಮಂಗಳಾದಲ್ಲಿ ಸ್ಲೀಪರ್ ಬೇಗ ತುಂಬಿಹೋಗುತ್ತದೆ.